ನಾಲ್ಕನೆಯ ಬಟ್ಟೆ

ಎಡಗೈಯ ಮೇಲೆ ಲಿಂಗವಿಟ್ಟುಕೊಂಡು ಕೂತರೆ ಅದರ ತೂಕ ತಿಳಿಯುವುದಿಲ್ಲ. ಆ ಬೆಳಿಗ್ಗೆಯೂ ತಿಳಿಯಲಿಲ್ಲ. ಗುರುಬಸಪ್ಪನಿಗೆ ಇದು ಹೊಸದೇನಲ್ಲ. ಹೆಚ್ಚುಕಮ್ಮಿ ಒಂದು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. ಕಣ್ಣಿಗೆ ಕಾಣುತ್ತದೆ, ಕಪ್ಪಗೆ, ನುಣ್ಣಗೆ, ತಲೆಯ ಮೇಲೊಂದು ಪತ್ರೆ ಇಟ್ಟುಕೊಂಡು. ಅಂಗೈಗೆ ಮಾತ್ರ ಅದು ಇದೆಯೋ ಜಾರಿಬಿದ್ದಿದೆಯೋ ಗೊತ್ತಾಗದು. ಹಾಗಾಗಿ ಪೂಜೆಯುದ್ದಕ್ಕೂ ಕಣ್ಣು ಮುಚ್ಚಲು ಅವನಿಗೆ ಧೈರ್ಯ ಬರುತ್ತಿರಲಿಲ್ಲ. ಜಯನಗರದ ಡಾಕ್ಟರು ಸೂಜಿಯ ಮೊನೆ ಆಡಿಸಿ ನೋಡಿ, "ಏನೂ ಆಗಿಲ್ಲ ಗುರುಬಸಪ್ಪನೋರೆ, ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಕೈ, ಜಡ್ಡುಗಟ್ಟಿದೆ ಅಷ್ಟೆ" ಎಂದು ಯಾವುದೋ ಕೆಂಪು ಮಾತ್ರೆ ಬರೆದುಕೊಟ್ಟಿದ್ದರು. ಜಡ್ಡು ಕಟ್ಟಿದ್ದು ಕೈಗೋ ಇನ್ನೆಲ್ಲಿಗೋ ಎಂದು ವಿಚಾರಿಸುವುದು ಡಾಕ್ಟರ ಕೆಲಸವಲ್ಲವಲ್ಲ. ಅಡುಗೆಮನೆಯಿಂದ ಹೆಂಡತಿ ಸರ್ವಮಂಗಳಾ, "ಬರ್ತಾ ಬೂದುಗುಂಬಳ ತಂದ್ಬಿಡಿ, ನಾಳೆ ಹೋದ್ರೆ ಕೊಳೆತದ್ದು ಉಳಿದಿರುತ್ತೆ. ನಿಂಬೆಹಣ್ಣೂ ಮರೀಬೇಡಿ" ಎಂದಳು. ನಾಳೆ ಆಯುಧಪೂಜೆ. ನಿಂಬೆಹಣ್ಣು ಎಂಬ ಮಾತು ಕಿವಿಗೆ ಬಿದ್ದಾಗ ಅವನು ಲಿಂಗದ ಮೇಲಿನ ಪತ್ರೆಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. ಲಿಂಗವನ್ನು ಕರಡಿಗೆಗೆ ಸೇರಿಸಿ ಕೊರಳಿಗೆ ಹಾಕಿಕೊಂಡು, ಉಪ್ಪಿಟ್ಟು ತಿಂದು ಹೊರಟ.

ಬನಶಂಕರಿ ಎರಡನೇ ಹಂತದಿಂದ ಕತ್ರಿಗುಪ್ಪೆಯ ಗ್ಯಾರೇಜಿಗೆ ನಡೆದರೆ ಇಪ್ಪತ್ತು ನಿಮಿಷ. ಹಿಂದೆಲ್ಲ ಈ ಇಪ್ಪತ್ತು ನಿಮಿಷದಲ್ಲಿ ಪಕ್ಕದಲ್ಲಿ ಹೋಗುವ ಗಾಡಿಗಳ ಸದ್ದು ಕೇಳಿಯೇ ಯಾವುದರ ವಾಲ್ವ್ ಸಡಿಲ, ಯಾವುದರ ಬೇರಿಂಗ್ ಹೋಗಿದೆ ಎಂದು ಲೆಕ್ಕ ಹಾಕುತ್ತಿದ್ದ. ಈಗ ಎಲ್ಲ ಗಾಡಿಗಳೂ ಒಂದೇ ಸದ್ದು ಮಾಡುತ್ತವೆ. ಇವತ್ತು ಗೌರೀಶಂಕರನ ಫಿಯಟ್ ಪೂಜೆಗೆ ತೊಳೆಸಿಕೊಳ್ಳಲು ಬರುತ್ತದೆ. ತೊಳೆಯುವವನು ಪಾಪಯ್ಯ. ಈ ಪಾಪಯ್ಯ ಏಳು ವರ್ಷ ಅದೇ ಕಾರಿಗೆ ಡ್ರೈವರಾಗಿದ್ದವನು. ಈಗ ಗುರುಬಸಪ್ಪನ ಗ್ಯಾರೇಜಿನಲ್ಲಿ ಗಾಡಿ ತೊಳೆಯುತ್ತಾನೆ. ಎಡಗಣ್ಣಿಲ್ಲದವನ ಕೈಗೆ ಇನ್ಯಾರು ಸ್ಟೀರಿಂಗ್ ಕೊಡುತ್ತಾರೆ? ಆ ಕಣ್ಣು ಹೋದದ್ದು ಹೋದ ವರ್ಷದ ಆಯುಧಪೂಜೆಯ ದಿನ, ಗುರುಬಸಪ್ಪನ ಕೈಯಿಂದ. ಇದು ಗುರುಬಸಪ್ಪನನ್ನು ಬಿಟ್ಟರೆ ಇನ್ನೊಂದು ಪ್ರಾಣಿಗೂ ಗೊತ್ತಿಲ್ಲ. ಪಾಪಯ್ಯನಿಗೂ ಗೊತ್ತಿಲ್ಲ. ಹೇಳಿಬಿಡಬೇಕು ಎಂದು ಸಂಕ್ರಾಂತಿಗೆ ಅಂದುಕೊಂಡ, ಯುಗಾದಿಗೆ ಅಂದುಕೊಂಡ, ಗೌರಿಹಬ್ಬಕ್ಕೂ ಅಂದುಕೊಂಡ. ಮೊದಮೊದಲು ಹೇಳಿದರೆ ಏನಾದೀತೋ ಎಂಬ ಹೆದರಿಕೆಯಾದರೂ ಇತ್ತು. ಅದೂ ಸವೆದುಹೋಗಿ ಈಗ ಹೇಳಬೇಕಾದ ಮಾತೊಂದೇ, ರಸವೆಲ್ಲ ಹೋದ ಎಲೆಅಡಿಕೆಯ ಚರಟದ ಹಾಗೆ, ದವಡೆಯಲ್ಲಿ ಉಳಿದುಕೊಂಡಿತ್ತು. ದಿನಸಿ ಅಂಗಡಿಯ ಮುನಿಯಣ್ಣ ಬೂದುಗುಂಬಳಕಾಯಿಗಳನ್ನು ರಸ್ತೆಯಲ್ಲೇ ಗುಡ್ಡೆ ಹಾಕಿಕೊಂಡು ಕೂತಿದ್ದವನು, ಇವನನ್ನು ಕಂಡು ಎದ್ದುನಿಂತ. "ಬನ್ನಿ ಸಾರ್, ನಿಮಗೇ ಅಂತ ದೊಡ್ಡದು ಎತ್ತಿಟ್ಟಿದೀನಿ. ಆ ಕುರುಡ ಡ್ರೈವರ್‌ಗೆ ಅನ್ನ ಹಾಕಿದೀರ, ನಿಮ್ ಗ್ಯಾರೇಜ್‌ಗೆ ದೃಷ್ಟಿ ತಾಕ್ಬಾರ್ದು." ಗುರುಬಸಪ್ಪ "ಹೂಂ" ಅಂದ. ಒಂದು ವರ್ಷದಲ್ಲಿ ಅವನು ಅತಿ ಹೆಚ್ಚು ಆಡಿದ ಮಾತು ಇದೇ ಇರಬೇಕು.

ಆ ಫಿಯಟ್ಟಿಗೆ ಟರ್ಬೋ ಕೂರಿಸಿದ್ದು ಗುರುಬಸಪ್ಪನ ಬದುಕಿನ ದೊಡ್ಡ ಸಾಹಸ. ಗೌರೀಶಂಕರನಿಗೆ ಜಯನಗರದಲ್ಲಿ ಮನೆ, ಪಂಪ್‌ಸೆಟ್ ವ್ಯಾಪಾರ. ಕನಕಪುರ ರಸ್ತೆಯ ಏರಿನಲ್ಲಿ ಯಾವನೋ ತನ್ನನ್ನು ಹಿಂದೆ ಹಾಕಿ ಹೋದನೆಂಬ ಹೊಟ್ಟೆಕಿಚ್ಚಿಗೆ ಶಿವಾಜಿನಗರದ ಗುಜರಿಯಿಂದ, ಜಪಾನಿನ ಯಾವುದೋ ಎಂಜಿನ್ನಿನಿಂದ ಬಿಚ್ಚಿದ ಒಂದು ಟರ್ಬೋ ಹೊತ್ತು ತಂದು ಗ್ಯಾರೇಜಿನ ಮೇಜಿನ ಮೇಲೆ ಇಟ್ಟಿದ್ದ. ಬಸವನಹುಳುವಿನ ಚಿಪ್ಪಿನಂಥ ಕಬ್ಬಿಣದ ಗಡ್ಡೆ. ಸೈಲೆನ್ಸರಿಗೆ ಹೋಗುವ ಹೊಗೆಯ ರಭಸಕ್ಕೇ ಅದರೊಳಗಿನ ಚಕ್ರ ತಿರುಗಿ ಎಂಜಿನ್ನಿನೊಳಕ್ಕೆ ಗಾಳಿ ತುರುಕುತ್ತದೆ, ಕಾರು ಹುಚ್ಚುಕುದುರೆಯ ಹಾಗೆ ಎಗರುತ್ತದೆ. ಆದರೆ ತುರುಕಿದ್ದೆಲ್ಲ ಮತ್ತೆ ಸೈಲೆನ್ಸರಿನಿಂದಲೇ ಹೊರಗೆ ಹೋಗುವುದಿಲ್ಲವಲ್ಲ. ಪಿಸ್ಟನ್ ರಿಂಗಿನ ಸಂದಿಯಲ್ಲಿ ನುಸುಳಿ ಒಂದಿಷ್ಟು ಕೆಳಗೆ, ಆಯಿಲ್ ಇರುವ ಹೊಟ್ಟೆಗೆ ಇಳಿಯುತ್ತದೆ. ಎಲ್ಲ ಎಂಜಿನ್ನುಗಳಲ್ಲೂ ಇದು ಇದ್ದದ್ದೇ. ಆ ಹೊಗೆ ಹೊರಗೆ ಹೋಗಲೆಂದೇ ಬ್ರೀದರ್ ಎಂಬ ಪೈಪು ಇರುತ್ತದೆ, ಮಾಮೂಲಿ ಫಿಯಟ್ಟಿನಲ್ಲಿ ಅದರ ತುದಿಯನ್ನು ಏರ್ ಕ್ಲೀನರಿಗೆ ಸೇರಿಸಿರುತ್ತಾರೆ. ಟರ್ಬೋ ಬಂದ ಮೇಲೆ ಈ ಕಳ್ಳಹೊಗೆ ಎರಡರಷ್ಟಾಯಿತು. ಏರ್ ಕ್ಲೀನರಿಗೆ ಕೊಟ್ಟರೆ ಆಯಿಲ್ ಜಿಡ್ಡೆಲ್ಲ ಟರ್ಬೋದೊಳಗೆ ಹೋಗಿ ಕಾರಿನ ಹಿಂದೆ ನೀಲಿ ಹೊಗೆ. ಹಾಗೇ ಹೊರಗೆ ಬಿಟ್ಟರೆ ಕಾರಿನೊಳಗೆಲ್ಲ ವಾಸನೆ, ಗೌರೀಶಂಕರನ ಹೆಂಡತಿಗೆ ವಾಂತಿ. ಮೂರು ತಿಂಗಳು ತಲೆ ಕೆಡಿಸಿಕೊಂಡು ಗುರುಬಸಪ್ಪ ಒಂದು ತಗಡಿನ ಡಬ್ಬ ಬೆಸೆದ. ಒಳಗೆ ಪಾತ್ರೆ ಉಜ್ಜುವ ಉಕ್ಕಿನ ನಾರು ತುಂಬಿ, ಬ್ರೀದರ್ ಪೈಪನ್ನು ಮೇಲಿನಿಂದ ಅದಕ್ಕೆ ಕೊಟ್ಟ. ಜಿಡ್ಡು ನಾರಿಗೆ ಅಂಟಿ ತಳದಲ್ಲಿ ನಿಲ್ಲುತ್ತದೆ, ಬರೀ ಗಾಳಿ ಒಂದು ಗೇಣಿನ ರಬ್ಬರ್ ಕೊಳವೆಯಿಂದ ಕಾರಿನ ಅಡಿಗೆ ಹೋಗುತ್ತದೆ. ನೋಡಲು ಅಸಹ್ಯ ಎಂದು ಅದನ್ನು ಬ್ಯಾಟರಿಯ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ಬೋಲ್ಟು ಹಾಕಿ ಕೂರಿಸಿದ. "ಹೊಟ್ಟೇಲಿ ವಾಯು ತುಂಬಿದ್ರೆ ಹೊರಗೆ ಬಿಡ್ಲೇಬೇಕಲ್ಲ ಸಾರ್, ಎಂಜಿನ್‌ಗೂ ಅಷ್ಟೆ. ಮರ್ಯಾದೆಯಾಗಿ ಬಿಡೋಕೆ ಒಂದು ದಾರಿ ಮಾಡಿದೀನಿ" ಎಂದು ಗೌರೀಶಂಕರನನ್ನು ನಗಿಸಿದ್ದ. ಡ್ರೈವರಿಗೆ ಈ ಡಬ್ಬದ ವಿಚಾರವೆಲ್ಲ ಯಾಕೆ ಎಂದು ಪಾಪಯ್ಯನಿಗೆ ಹೇಳಿರಲಿಲ್ಲ. ಅವನಿಗೆ ಹೇಳಿದ್ದು ಒಂದೇ ಪಾಠ: "ಜೋರಾಗಿ ಓಡಿಸಿ ನಿಲ್ಲಿಸಿದ್ರೆ ತಕ್ಷಣ ಆಫ್ ಮಾಡ್ಬೇಡ. ಮೂರು ನಿಮಿಷ ಹಂಗೇ ಓಡ್ತಿರ್ಲಿ, ಟರ್ಬೋ ತಣ್ಣಗಾಗ್ಬೇಕು." ಪಾಪಯ್ಯ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಪಾಲಿಸದೆ ಇದ್ದಿದ್ದರೆ ಕಣ್ಣು ಉಳಿಯುತ್ತಿತ್ತು.

ಗ್ಯಾರೇಜಿನ ಬಾಗಿಲಲ್ಲಿ ಫಿಯಟ್ ಆಗಲೇ ಬಂದು ನಿಂತಿತ್ತು. ಗೌರೀಶಂಕರ ಬಿಳಿ ಸಫಾರಿ ಹಾಕಿಕೊಂಡು, ಬಾನೆಟ್ಟಿಗೆ ಒರಗಿಯೂ ಒರಗದ ಹಾಗೆ ನಿಂತಿದ್ದ. ಪಾಪಯ್ಯ ಬಕೆಟ್ಟು, ಸೀಮೆಎಣ್ಣೆ, ಬ್ರಷ್ಷು ಎಲ್ಲ ಜೋಡಿಸಿಕೊಂಡು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. "ಬನ್ನಿ ಗುರುಬಸಪ್ಪನೋರೆ, ಐದು ಗಂಟೆಗೆ ಬರ್ತೀನಿ, ಫಳಫಳ ಅಂತಿರ್ಬೇಕು" ಎಂದು ಗೌರೀಶಂಕರ ಬೀಗದ ಕೈಯನ್ನು ಇವನ ಕೈಗೆ ಹಾಕಿ, ಪಾಪಯ್ಯನ ಕಡೆ ತಿರುಗಿದ. "ಏನಯ್ಯಾ, ಈ ಸಲ ಬಿಸಿ ಎಂಜಿನ್ ಮುಚ್ಚಳ ಗಿಚ್ಚಳ ತೆಗೀಬೇಡ. ಇನ್ನೊಂದು ಕಣ್ಣು ಬೇಕಲ್ಲ ನಿಂಗೆ." ಕುಹಕವಲ್ಲ, ಅಕ್ಕರೆಯಿಂದಲೇ ಅಂದದ್ದು. ಪಾಪಯ್ಯನೂ ನಕ್ಕ. ಕತ್ತನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಬಲಗಣ್ಣನ್ನು ಮುಂದೆ ತಂದು ನೋಡುವ ಅಭ್ಯಾಸ ಅವನಿಗೆ ಈಗ ಹುಟ್ಟಿನಿಂದಲೇ ಬಂದಂತಾಗಿದೆ. "ಬುದ್ಧಿ ಬಂದಿದೆ ಸಾರ್ ಈಗ" ಎಂದ. ಇಬ್ಬರೂ ಗುರುಬಸಪ್ಪನ ಮುಖ ನೋಡಿದರು. ಗುರುಬಸಪ್ಪ ನಕ್ಕ. ನಗಲೇಬೇಕಾಗಿತ್ತು, ನಗದೆ ಇದ್ದರೆ ಯಾಕೆ ಎಂದು ಕೇಳಬಹುದಿತ್ತು. ತನ್ನ ಮುಖದ ಮೇಲೆ ಆ ನಗು ಎಷ್ಟು ಹೊತ್ತು ಇತ್ತೆಂದು ಅವನಿಗೇ ತಿಳಿಯಲಿಲ್ಲ. ಗೌರೀಶಂಕರ ಹತ್ತಿದ ಆಟೋ ಮರೆಯಾದ ಮೇಲೂ ತುಟಿ ಹಾಗೇ ಇದ್ದದ್ದು ಗೊತ್ತಾಗಿ ಅಂಗೈಯಿಂದ ಒರೆಸಿಕೊಂಡ.

ಆ ಗ್ಯಾರೇಜಿನ ಪದ್ಧತಿ ಹೀಗೆ. ಪೂಜೆಗೆ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ನೀರು ಹೊಡೆಯುವ ಮೊದಲು ನೀರು ಹೋಗಬಾರದ ಬಾಯಿಗಳಿಗೆಲ್ಲ ಹಳೆ ಪಂಚೆಯ ತುಂಡುಗಳನ್ನು ಗಟ್ಟಿಯಾಗಿ ತುರುಕುತ್ತಾರೆ. ಕಾರ್ಬುರೇಟರಿಗೆ ಒಂದು, ಡಿಸ್ಟ್ರಿಬ್ಯೂಟರಿಗೆ ಸುತ್ತಿ ಒಂದು, ಹಾರ್ನಿಗೆ ಒಂದು. ಈ ಕಾರಿಗೆ ಮಾತ್ರ ನಾಲ್ಕನೆಯದೊಂದು, ಡಬ್ಬದ ಕೊಳವೆಗೆ. ಇನ್ನೊಂದು ಪದ್ಧತಿ, ಗುರುಬಸಪ್ಪನೇ ಬಿಗಿಯಾಗಿ ನಡೆಸಿಕೊಂಡು ಬಂದದ್ದು: ಪೂಜೆಗಿಟ್ಟ ಆಯುಧವನ್ನು ಮಾರನೆಯ ಬೆಳಿಗ್ಗೆವರೆಗೆ ಮುಟ್ಟುವ ಹಾಗಿಲ್ಲ. ಸ್ಪ್ಯಾನರು, ಸುತ್ತಿಗೆ, ಸ್ಕ್ರೂಡ್ರೈವರು ಎಲ್ಲ ಹಲಗೆಯ ಮೇಲೆ ಸಾಲಾಗಿ ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಕೆಳಗೆ ಮಲಗುತ್ತವೆ. ವರ್ಷವೆಲ್ಲ ದುಡಿದವು, ಒಂದು ದಿನ ಮಲಗಲಿ. ಹೋದ ವರ್ಷ ಪೂಜೆಯ ದಿನವೇ ಬೆಳಿಗ್ಗೆ ಎದ್ದು ಬಿದ್ದು ಈ ಕಾರನ್ನು ಗುರುಬಸಪ್ಪನೇ ತೊಳೆದ. ರಾಹುಕಾಲಕ್ಕೆ ಮೊದಲೇ ಪೂಜೆ ಮುಗಿಯಬೇಕೆಂದು ಗೌರೀಶಂಕರ ನೆಂಟರಿಷ್ಟರನ್ನೆಲ್ಲ ಕಟ್ಟಿಕೊಂಡು ಬಂದು ತಲೆಯ ಮೇಲೆ ನಿಂತಿದ್ದ. ಬಟ್ಟೆ ತೆಗೆದ, ಬಾನೆಟ್ ಮುಚ್ಚಿದ, ಹಾರ ಹಾಕಿದ, ಕುಂಬಳಕಾಯಿ ಒಡೆದ. ಪಾಪಯ್ಯ ಎಂಜಿನ್ ಶುರುಮಾಡಿ ಮುಂದಿನ ಚಕ್ರ ನಿಂಬೆಹಣ್ಣಿನ ಮೇಲೆ ಹತ್ತಿಸುವ ಹೊತ್ತಿಗೆ ಗುರುಬಸಪ್ಪನ ಕಣ್ಣು ನೆಲದ ಮೇಲೆ ಒದ್ದೆಯಾಗಿ ಬಿದ್ದಿದ್ದ ಬಟ್ಟೆಗಳ ಮೇಲೆ ಹೋಯಿತು. ಮೂರಿದ್ದವು. ಅವನಿಗೆ ಅದೇ ಕ್ಷಣ ತಿಳಿಯಿತು. ಮರೆತೆ ಎಂದು ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳಿಕೊಂಡರೂ ಇದೊಂದು ಮಾತ್ರ ಬಗ್ಗುವುದಿಲ್ಲ: ಕಾರು ಇನ್ನೂ ಅಲ್ಲೇ ಇದ್ದಾಗ ಅವನಿಗೆ ತಿಳಿದಿತ್ತು. ಕೊಳವೆಯೊಳಕ್ಕೆ ಗಟ್ಟಿಯಾಗಿ ತುರುಕಿದ್ದನ್ನು ಎಳೆಯಲು ಡಬ್ಬ ಬಿಚ್ಚಬೇಕು, ಅದಕ್ಕೆ ಹತ್ತರ ನಂಬರಿನ ಸ್ಪ್ಯಾನರ್ ಬೇಕು. ಅದು ಹೂವಿನ ಕೆಳಗಿದೆ. ಹಾರ ಕಿತ್ತು ಬಾನೆಟ್ ಎತ್ತಬೇಕು. ಎತ್ತಿ, ಅಷ್ಟು ಜನರ ಎದುರು, ತಾನು ಊರೆಲ್ಲ ಹೊಗಳಿಸಿಕೊಂಡ ಎಂಜಿನ್ನಿನೊಳಗಿಂದ ಒಂದು ಹೊಲಸು ಬಟ್ಟೆ ಎಳೆಯಬೇಕು. ತಡಿ ಎನ್ನಲು ಎತ್ತಿದ ಕೈಯಿಂದ ತಲೆ ಕೆರೆದುಕೊಂಡ. ಕತ್ರಿಗುಪ್ಪೆಯಿಂದ ಜಯನಗರಕ್ಕೆ ಏನು ಮಹಾ ದೂರ, ನಾಳೆ ಬೆಳಿಗ್ಗೆ ಹೋಗಿ ತೆಗೆದರಾಯಿತು. ಅವಮಾನವಾಗುತ್ತದೆ ಎಂಬುದೊಂದೇ ಕಾರಣ, ಬೇರೇನೂ ಇರಲಿಲ್ಲ.

ಗೌರೀಶಂಕರ ಜಯನಗರಕ್ಕೆ ಹೋಗಲಿಲ್ಲ. ನೆಂಟರಿಗೆ ಟರ್ಬೋ ಅಂದರೇನೆಂದು ತೋರಿಸಲು ಕನಕಪುರ ರಸ್ತೆಗೆ ಬಿಡಿಸಿದ, ಏರಿನಲ್ಲಿ ತುಳಿ ತುಳಿ ಎಂದು ಪಾಪಯ್ಯನಿಗೆ ಹೇಳಿದ. ವಾಪಸು ಬರುವಾಗ ಬನಶಂಕರಿ ಗುಡಿಯ ಹತ್ತಿರ ಬಾನೆಟ್ಟಿನಿಂದ ಹೊಗೆ ಕಾಣಿಸಿತು. ಪಾಪಯ್ಯ ಗಾಡಿ ಪಕ್ಕಕ್ಕೆ ನಿಲ್ಲಿಸಿದ, ಹೇಳಿಕೊಟ್ಟಿದ್ದ ಹಾಗೆ ಎಂಜಿನ್ ಓಡುತ್ತಲೇ ಇರಲು ಬಿಟ್ಟ, ಬಾನೆಟ್ ಎತ್ತಿ ಆಯಿಲ್ ಇದೆಯೋ ಇಲ್ಲವೋ ಎಂದು ಮೇಲಿನ ಮುಚ್ಚಳ ತಿರುವಿದ. ಅಷ್ಟೇ. ಕುದಿಯುವ ಆಯಿಲ್ ಮುಖಕ್ಕೆ ಹೊಡೆಯಿತು. ಮಾರನೆಯ ದಿನ ಕಾರನ್ನು ಎಳೆದು ತಂದರು. ಯಾರೂ ಇಲ್ಲದಾಗ ಗುರುಬಸಪ್ಪ ಡಬ್ಬ ಬಿಚ್ಚಿ ಬಟ್ಟೆಯನ್ನು ಎಳೆದು ಜೇಬಿಗೆ ಹಾಕಿಕೊಂಡ, ಸಂಜೆ ಮನೆಯ ಹಂಡೆಯ ಒಲೆಗೆ ಹಾಕಿದ. ಆಯಿಲ್ ಕುಡಿದ ಬಟ್ಟೆ ಧಗಧಗ ಉರಿಯಿತು. ನೀರು ಇವತ್ತು ಬೇಗ ಕಾದಿದೆಯಲ್ಲ ಎಂದು ಸರ್ವಮಂಗಳಾ ಅಂದಳು. ಗೌರೀಶಂಕರ ಬಂದು, "ಮುಂದಿನ ಆಯಿಲ್ ಸೀಲ್ ಹಳೇದಾಗಿ ಸೋರ್ತಿತ್ತಾ?" ಎಂದು ಕೇಳಿದ. ಹೂಂ. "ಬಿಸಿ ಎಂಜಿನ್ ಮುಚ್ಚಳ ತೆಗೆದನಲ್ಲ ದಡ್ಡ, ತಪ್ಪು ಅವನದೇ ಅಲ್ವಾ?" ಹೂಂ. ಆ ಎರಡನೆಯ ಹೂಂ ಬಾಯಿಂದ ಬಂದದ್ದು ಗುರುಬಸಪ್ಪನಿಗೆ ಕೇಳಿಸಿತ್ತು. ಅದಾದ ಮೇಲಿಂದಲೇ ಅಂಗೈ ಹೀಗಾದದ್ದು ಎಂದು ಅವನ ಲೆಕ್ಕ. ಪಾಪಯ್ಯನನ್ನು ಕೆಲಸದಿಂದ ತೆಗೆದರು, ಗುರುಬಸಪ್ಪ ಇಟ್ಟುಕೊಂಡ, ಊರು ಹೊಗಳಿತು. ಪಾಪಯ್ಯನ ಹೆಂಡತಿ ಗೋವಿಂದಮ್ಮ ಯುಗಾದಿಗೆ ಪುಟ್ಟೇನಹಳ್ಳಿಯಿಂದ ಎರಡು ಬಸ್ಸು ಹತ್ತಿಳಿದು ಒಬ್ಬಟ್ಟು ತಂದು ಸರ್ವಮಂಗಳೆಯ ಕೈಗೆ ಕೊಟ್ಟು, ಇವನ ಕಾಲಿಗೆ ಬಿದ್ದಳು. "ನೀವು ನಮ್ ಪಾಲಿನ ದೇವ್ರು ಅಣ್ಣಾ. ಇದಿದೆಯಲ್ಲ ಮುಂಡೇದು, ಏಳು ವರ್ಷ ಗಾಡಿ ಓಡ್ಸಿ ಬಿಸಿ ಮುಚ್ಚಳ ತೆಗೀಬಾರ್ದು ಅನ್ನೋ ಜ್ಞಾನ ಇಲ್ಲ. ಬೆಳಗೆದ್ರೆ ಉಗೀತೀನಿ. ಅನ್ನ ಇಕ್ಕುವಾಗ್ಲೂ ಉಗೀತೀನಿ." ಪಾಪಯ್ಯ ಗೋಡೆಗೆ ಒರಗಿಕೊಂಡು, ಹೌದು, ತಪ್ಪಾಗೋಯ್ತು, ಎನ್ನುವ ಹಾಗೆ ತಲೆಯಾಡಿಸುತ್ತ ನಿಂತಿದ್ದ. ಆ ಒಬ್ಬಟ್ಟನ್ನು ಗುರುಬಸಪ್ಪ ತಿಂದ. ಎರಡು ತಿಂದ, ತುಪ್ಪ ಹಾಕಿಸಿಕೊಂಡು.

"ನೀನು ಬೇರೆ ಗಾಡಿ ನೋಡು ಪಾಪಯ್ಯ, ಇದನ್ನ ನಾನು ತೊಳೀತೀನಿ" ಎಂದ ಗುರುಬಸಪ್ಪ, ತೋಳು ಮಡಚುತ್ತ.

"ಬ್ಯಾಡಿ ಸಾರ್. ಇದು ನನ್ ಗಾಡಿ. ಏಳು ವರ್ಷ ನಾನೇ ಒರೆಸಿದೀನಿ" ಎಂದು ಪಾಪಯ್ಯ ಬಾನೆಟ್ ಎತ್ತಿ ಕೋಲು ಕೊಟ್ಟ. ಗುರುಬಸಪ್ಪ ಹರಿದಿಟ್ಟಿದ್ದ ಪಂಚೆಯ ನಾಲ್ಕು ತುಂಡುಗಳನ್ನು ಹೆಗಲ ಮೇಲೆ ಹಾಕಿಕೊಂಡು ಒಂದೊಂದಾಗಿ ತುರುಕತೊಡಗಿದ. ಒಂದೇ ಕಣ್ಣಿನವನಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಮೊದಲು ಬೆರಳಿನಿಂದ ಮುಟ್ಟಿ, ಆಮೇಲೆ ತುರುಕುತ್ತಿದ್ದ. ಕಾರ್ಬುರೇಟರ್. ಡಿಸ್ಟ್ರಿಬ್ಯೂಟರ್. ಹಾರ್ನ್. ಗುರುಬಸಪ್ಪ ಮೇಜಿನ ಹತ್ತಿರ ನಿಂತು ಸ್ಪ್ಯಾನರುಗಳನ್ನು ನಾಳೆಗೆಂದು ಒರೆಸುತ್ತಿದ್ದ. ಹತ್ತರದು ಕೈಗೆ ಬಂತು. ಒರೆಸಿದ್ದನ್ನೇ ಮತ್ತೆ ಒರೆಸಿದ. ಬೆನ್ನಿನ ಹಿಂದೆ ಪಾಪಯ್ಯನ ಬೆರಳು ಬ್ಯಾಟರಿಯ ಹಿಂದಕ್ಕೆ ಹೋದದ್ದು ನೋಡದೆಯೇ ಅವನಿಗೆ ಗೊತ್ತಾಯಿತು.

"ಸಾರ್, ಈ ಡಬ್ಬದ ಕೆಳಗಿನ್ ಪೈಪ್‌ಗೂ ಬಟ್ಟೆ ಹಾಕ್ಬೇಕಾ?"

"ಹೂಂ."

"ಯಾತಕ್ಕೆ ಸಾರ್ ಇದು ಇರೋದು? ಅಷ್ಟು ವರ್ಷ ಓಡ್ಸಿದೆ, ಇದೊಂದು ಕೇಳ್ಲೇ ಇಲ್ಲ ನೋಡಿ."

ನೀರು ಹೋಗಬಾರದು ಅದಕ್ಕೆ ಎಂದರೆ ಮುಗಿದುಹೋಗುತ್ತಿತ್ತು. ಅದೇ ಬಾಯಿಗೆ ಬಂದದ್ದು. ಆದರೆ ಮೂವತ್ತು ವರ್ಷದಿಂದ ಯಾರಾದರೂ ಎಂಜಿನ್ನಿನ ವಿಷಯ ಕೇಳಿದರೆ ಸರಿಯಾದ ಉತ್ತರವನ್ನೇ ಕೊಟ್ಟು ಅಭ್ಯಾಸವಾಗಿದ್ದ ನಾಲಗೆ. ತನ್ನ ದನಿಯನ್ನು ಪಕ್ಕದ ಶೆಡ್ಡಿನಲ್ಲಿ ಬೇರೆ ಯಾರೋ ಮಾತಾಡುತ್ತಿರುವಂತೆ ಗುರುಬಸಪ್ಪ ಕೇಳಿಸಿಕೊಂಡ. ರಿಂಗಿನ ಸಂದಿಯಲ್ಲಿ ಹೊಗೆ ಕೆಳಗೆ ನುಸುಳುತ್ತೆ, ಟರ್ಬೋ ಇದ್ರೆ ಇನ್ನೂ ಜಾಸ್ತಿ, ಏರು ಹತ್ತಿಸಿದ್ರೆ ಇನ್ನೂ ಜಾಸ್ತಿ, ಅದು ಈ ಡಬ್ಬಕ್ಕೆ ಬಂದು, ಜಿಡ್ಡು ಇಲ್ಲಿ ನಿಂತು, ಗಾಳಿ ಈ ಪೈಪಲ್ಲಿ ಹೊರಗೆ ಹೋಗುತ್ತೆ. ಪಾಪಯ್ಯ ಕತ್ತು ಓರೆ ಮಾಡಿ, ಬಟ್ಟೆ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿಕೊಂಡು, ಪಾಠ ಕೇಳುವವನಂತೆ ಕೇಳಿದ.

"ಇದು ಮುಚ್ಚೋಯ್ತು ಅಂದ್ರೆ?"

"ಒಳಗೇ ಒತ್ತಡ ಏರುತ್ತೆ. ಎಲ್ಲಿ ಸಂದಿ ಸಿಗುತ್ತೋ ಅಲ್ಲಿಂದ ಆಯಿಲ್ ದಬ್ಬುತ್ತೆ. ಮೊದ್ಲು ಮುಂದಿನ ಸೀಲು."

"ಆವಾಗ ಎಂಜಿನ್ ಓಡ್ತಿದ್ದು, ಮೇಲಿನ ಮುಚ್ಚಳ ತೆಗುದ್ರೆ?"

"ಮುಖಕ್ಕೆ ಹೊಡೆಯುತ್ತೆ."

"ಮುಚ್ಚಿರ್ಲಿಲ್ಲ ಅಂದ್ರೆ? ಸುಮ್ನೆ ಮಾಮೂಲಿ ಬಿಸಿ ಎಂಜಿನ್?"

"ಏನಾಗಲ್ಲ. ಕೈಮೇಲೆ ಎರಡು ಹನಿ ಹಾರ್ಬಹುದು."

ಹೊಸಕೆರೆಹಳ್ಳಿ ಕಡೆಗೆ ಹೋಗುವ ಬಸ್ಸೊಂದು ಗೇರು ಬದಲಾಯಿಸಿಕೊಂಡು ದಾಟಿತು. ಪಾಪಯ್ಯ ಡಬ್ಬವನ್ನು ನೋಡಿದ, ಮೇಲಿನ ಮುಚ್ಚಳ ನೋಡಿದ, ಕೈಯಲ್ಲಿದ್ದ ಬಟ್ಟೆ ನೋಡಿದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಕಷ್ಟದ ಲೆಕ್ಕವೊಂದನ್ನು ಬಾಯಲ್ಲೇ ಮಾಡುವವನ ಹಾಗೆ ತುಟಿ ಅಲುಗುತ್ತಿತ್ತು.

"ಅವತ್ತು ಸಾರ್?"

"ಮುಚ್ಚಿತ್ತು" ಎಂದ ಗುರುಬಸಪ್ಪ. "ತೊಳೆಯೋವಾಗ ನಾನೇ ಬಟ್ಟೆ ತುರುಕಿದ್ದೆ. ತೆಗೆಯೋದು ಬಿಟ್ಟೋಯ್ತು. ನೀನು ನಿಂಬೆಹಣ್ಣು ಹತ್ತಿಸೋವಾಗ ನಂಗೆ ಗೊತ್ತಾಯ್ತು. ಪೂಜೆ ಆಗೋಗಿತ್ತು, ಸ್ಪ್ಯಾನರ್ ಮುಟ್ಟೋ ಹಾಗಿರ್ಲಿಲ್ಲ. ಅದೂ ಅಲ್ಲ. ಅಷ್ಟು ಜನದ ಮುಂದೆ ನಾಚಿಕೆ ಆಯ್ತು. ಸುಮ್ಮನಿದ್ದೆ."

ಹೇಳಿದ ಮೇಲೆ ಅವನು ಕನ್ನಡಕ ತೆಗೆದು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಯಾಕೆ ತೆಗೆದೆ ಎಂದು ಒಂದು ಕ್ಷಣ ಅವನಿಗೇ ಹೊಳೆಯಲಿಲ್ಲ. ಹೊಡೆತ ಬಿದ್ದರೆ ಗಾಜು ಒಡೆಯಬಾರದೆಂದು ಎಂಬುದು ಆಮೇಲೆ ತಿಳಿದು ಅಸಹ್ಯವಾಯಿತು. ಈ ಹೊತ್ತಿನಲ್ಲೂ ಗಾಜಿನ ಚಿಂತೆ. ಹೊಡೆತ ಬೀಳಲಿಲ್ಲ. ಕನ್ನಡಕವಿಲ್ಲದ ಕಣ್ಣಿಗೆ ಪಾಪಯ್ಯ ಮಸುಕಾಗಿ, ಬಾನೆಟ್ಟಿನ ನೆರಳಿನೊಳಗೆ ಸೇರಿಹೋದವನಂತೆ ಕಂಡ.

"ಹಂಗಾದ್ರೆ ನಾನು ಮುಚ್ಚಳ ತೆಗೆದಿದ್ದಕ್ಕಲ್ಲ" ಎಂದ ಪಾಪಯ್ಯ. ಇನ್ನೊಮ್ಮೆ, ಯಾರಿಗೋ ಒಪ್ಪಿಸುವವನಂತೆ, "ಮುಚ್ಚಳ ತೆಗೆದಿದ್ದಕ್ಕಲ್ಲ ಸಾರ್ ಅದು" ಎಂದ.

"ಅಲ್ಲ."

ಪಾಪಯ್ಯ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡ. ಬೆರಳ ಸಂದಿಯನ್ನೂ ಬಿಡದೆ ನಿಧಾನವಾಗಿ ತೊಳೆದ. ಮುಖಕ್ಕೆ ನೀರು ಹಾಕಿಕೊಂಡು ಅಂಗಿಯಿಂದ ಒರೆಸಿಕೊಂಡ. "ಮನೆಗೋಗ್ ಬರ್ತೀನಿ ಸಾರ್" ಎಂದು ಸೈಕಲ್ಲು ಹತ್ತಿದ. ಕೇಳಿಕೊಂಡದ್ದಲ್ಲ, ಹೇಳಿದ್ದು.

ಆಮೇಲಿನ ಮೂರು ಗಂಟೆ ಗುರುಬಸಪ್ಪ ಏನು ಮಾಡಿದ ಎಂದರೆ, ಏನೂ ಮಾಡಲಿಲ್ಲ. ಮಾತು ಹೊರಗೆ ಹೋದರೆ ಎದೆ ಹಗುರವಾಗುತ್ತದೆ ಎಂದು ಒಂದು ವರ್ಷ ನಂಬಿಕೊಂಡಿದ್ದ. ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಬುತ್ತಿ ಬಿಚ್ಚಿ ಮಧ್ಯಾಹ್ನದ ರೊಟ್ಟಿ ತಿಂದ. ಪೊಲೀಸು ಬಂದರೆ ಬರಲಿ ಎಂದುಕೊಂಡ, ಅದು ಬೇರೆ ಯಾರ ಮನೆಗೋ ಬರುವ ಪೊಲೀಸಿನ ಹಾಗಿತ್ತು. ಐದಕ್ಕೆ ಗೌರೀಶಂಕರ ಬರುತ್ತಾನೆ, ಎಂಜಿನ್ ಇನ್ನೂ ಜಿಡ್ಡು ಹಿಡಿದೇ ನಿಂತಿದೆ. ತಾನೇ ತೊಳೆದುಬಿಡೋಣವೆಂದು ಎದ್ದು, ಕನ್ನಡಕ ಹಾಕಿಕೊಂಡು ನೋಡಿದರೆ ಮೂರು ಬಾಯಿಗಳಿಗೆ ಬಟ್ಟೆಯಿದೆ, ನಾಲ್ಕನೆಯದು ಇಲ್ಲ. ಕಾರಿನ ಅಡಿ ನೋಡಿದ, ಬಕೆಟ್ಟಿನ ಹಿಂದೆ ನೋಡಿದ, ಮೇಜಿನ ಕೆಳಗೆ ಬಗ್ಗಿ ನೋಡಿದ. ಪಂಚೆಯನ್ನು ಹರಿದರೆ ಇನ್ನೊಂದು ತುಂಡು ಸಿಗುತ್ತಿತ್ತು. ಅದು ಅವನಿಗೆ ಹೊಳೆಯಲೇ ಇಲ್ಲ. ಕಳೆದುಹೋದ ಆ ಒಂದೇ ಬಟ್ಟೆಯನ್ನು ಗ್ಯಾರೇಜೆಲ್ಲ ಹುಡುಕಿದ, ಹುಡುಕಿದಲ್ಲೇ ಮತ್ತೆ ಹುಡುಕಿದ.

ನಾಲ್ಕು ಗಂಟೆಯ ಹೊತ್ತಿಗೆ ಗೋವಿಂದಮ್ಮ ಬಂದಳು. ಪಾಪಯ್ಯನ ಸೈಕಲ್ಲಿನ ಹಿಂದೆ ಕೂತು ಬಂದಿದ್ದಳು, ಸೀರೆಯ ಅಂಚಿಗೆ ಕೆಮ್ಮಣ್ಣು ಸಿಡಿದಿತ್ತು. ನಾಲ್ಕನೆಯ ಬಟ್ಟೆ ಅವಳ ಕೈಯಲ್ಲಿತ್ತು. ಪಾಪಯ್ಯ ಅದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದ, ಹೆಂಡತಿಗೆ ತೋರಿಸಿ ಹೇಳಲು. ಅವಳು ಅದನ್ನು ಮೇಜಿನ ಮೇಲೆ, ಒರೆಸಿಟ್ಟ ಸ್ಪ್ಯಾನರುಗಳ ಪಕ್ಕದಲ್ಲಿ ಇಟ್ಟಳು. ಕೂಗಾಡುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಗುರುಬಸಪ್ಪ ಎದ್ದುನಿಂತು ಕಾದ. ಅವಳ ದನಿ ಏರಲೇ ಇಲ್ಲ.

"ಕಣ್ಣು ಹೋಯ್ತು, ಹಣೇಲಿ ಬರೆದಿತ್ತು ಅಂದ್ಕೊಂಡಿದ್ದೆ ಸಾರ್" ಎಂದಳು. ಅಣ್ಣ ಎನ್ನಲಿಲ್ಲ. "ಆದ್ರೆ ಒಂದು ವರ್ಷ ನನ್ ಕೈಲಿ ಇವರನ್ನ ಉಗಿಸಿದ್ರಲ್ಲ. ಉಣ್ಣೋ ತಟ್ಟೆ ಮುಂದೆ ಕೂರಿಸ್ಕೊಂಡು ಉಗಿದಿದೀನಿ. ನಿಮ್ ಮನೆಗೆ ಬಂದು, ನಿಮ್ ಎದುರಿಗೇ ಉಗಿದೆ. ನೀವು ಒಬ್ಬಟ್ಟು ತಿಂತಾ ಕೇಳಿಸ್ಕೊಂಡ್ರಿ."

ಗುರುಬಸಪ್ಪ ಮೇಜಿನ ಮೇಲಿನ ಬಟ್ಟೆಯ ಕಡೆ ನೋಡಿದ.

"ಆ ದೊಡ್ಡಮನುಷ್ಯರು ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದಳು. ಐದಕ್ಕೆ ಎಂದು ಪಾಪಯ್ಯನೇ ಹೇಳಿದ. "ಬರ್ಲಿ. ಅವ್ರಿಗೆ ನೀವು ಹೇಳ್ಬೇಕು. ಇವ್ರು ಹೇಳುದ್ರೆ ನಂಬಲ್ಲ. ನೀವು ಹೇಳೋದನ್ನ ಕೇಳ್ಕೊಂಡು ಹೋಗ್ತೀನಿ" ಎಂದು ಬಾಗಿಲ ಹತ್ತಿರ ಮಲಗಿಸಿದ್ದ ಲಾರಿ ಟೈರಿನ ಮೇಲೆ ಕೂತಳು. ಪಾಪಯ್ಯ ಯಾರ ಮುಖವನ್ನೂ ನೋಡದೆ ಬಟ್ಟೆಯನ್ನು ಮೇಜಿನಿಂದ ಎತ್ತಿಕೊಂಡು ಕೊಳವೆಗೆ ತುರುಕಿ, ಬಿಟ್ಟಲ್ಲಿಂದಲೇ ಕೆಲಸ ಶುರುಮಾಡಿದ. ಉಜ್ಜಿದ, ನೀರು ಹೊಡೆದ, ಒರೆಸಿದ. ಕೊನೆಗೆ ಪಾಪಯ್ಯ ಮೇಜಿನ ಹತ್ತಿರ ಬಂದು, ಕೇಳದೆ ಹತ್ತರ ಸ್ಪ್ಯಾನರ್ ತೆಗೆದುಕೊಂಡು ಹೋಗಿ, ಡಬ್ಬ ಬಿಚ್ಚಿ, ಬಟ್ಟೆ ತೆಗೆದು, ಡಬ್ಬವನ್ನು ಮತ್ತೆ ಬಿಗಿದ. ಉಳಿದ ಬಾಯಿಗಳಿಂದಲೂ ಬಟ್ಟೆ ಎಳೆದು, ಎಲ್ಲವನ್ನೂ ತಂದು ಗುರುಬಸಪ್ಪನ ಎಡಗೈಯ ಮೇಲೆ ಒಂದೊಂದಾಗಿ ಹಾಕಿದ.

"ಒಂದು. ಎರಡು. ಮೂರು. ಇದು ನಾಲ್ಕನೇದು. ಸರಿಯಾಗಿ ನೋಡ್ಕೊಳ್ಳಿ ಸಾರ್."

ಗೌರೀಶಂಕರನ ಆಟೋ ಬಂದು ನಿಂತಿತು. ಇಳಿದವನೇ ಎಂಜಿನ್ನಿನೊಳಗೆ ಬಗ್ಗಿ ನೋಡಿ, ಸಖತ್ತಾಗಿದೆ ಎಂದು ತಲೆದೂಗಿ, "ಏನ್ ಗುರುಬಸಪ್ಪನೋರೆ, ನಮ್ ಪಾಪಯ್ಯ ಮುಚ್ಚಳಕ್ಕೆ ಕೈ ಹಾಕ್ಲಿಲ್ಲ ತಾನೆ?" ಎಂದು ನಕ್ಕ. ನಗುವಿನ ಜೊತೆ ಸೇರಲೆಂದು ಇವನ ಮುಖ ನೋಡಿದ. ಟೈರಿನ ಮೇಲಿಂದ ಗೋವಿಂದಮ್ಮನೂ ನೋಡಿದಳು. ಪಾಪಯ್ಯ ಬಾನೆಟ್ಟಿನ ಅಂಚನ್ನು ಒರೆಸುತ್ತಿದ್ದವನು ಒರೆಸುವುದನ್ನು ನಿಲ್ಲಿಸಲಿಲ್ಲ.

"ಅವತ್ತು ತಪ್ಪು ಮುಚ್ಚಳದ್ದಲ್ಲ ಸಾರ್" ಎಂದ ಗುರುಬಸಪ್ಪ. "ಪಾಪಯ್ಯಂದೂ ಅಲ್ಲ. ನಂದು."

ಗೋವಿಂದಮ್ಮ ಎದ್ದು, ಸೀರೆಯ ಹಿಂಬದಿ ಕೊಡವಿಕೊಂಡು, ಮುಂದಿನದನ್ನು ಕೇಳಲು ನಿಲ್ಲದೆ ಬಸ್‌ಸ್ಟಾಪಿನ ಕಡೆ ಹೊರಟಳು. ಗೌರೀಶಂಕರ, ಅರ್ಥವಾಗಲಿಲ್ಲ, ಏನಂದಿರಿ, ಎಂದು ಹತ್ತಿರ ಬಂದ. ಗುರುಬಸಪ್ಪ ಮೊದಲಿನಿಂದ ಹೇಳತೊಡಗಿದ. ಅಂಗೈಯಲ್ಲಿದ್ದ ನಾಲ್ಕು ಬಟ್ಟೆಗಳಿಂದ ನೀರು ಇಳಿದು, ಮಣಿಕಟ್ಟು ದಾಟಿ, ಮೊಣಕೈಯವರೆಗೆ ಹರಿಯುತ್ತಿರುವುದು ಅವನಿಗೆ ಕಾಣುತ್ತಿತ್ತು. ತಣ್ಣಗಿತ್ತೋ ಬಿಸಿಯಾಗಿತ್ತೋ ತಿಳಿಯಲಿಲ್ಲ.